ಕ್ರೇನಿನ ಕ್ಯಾಬಿನ್ ಏರುವ ಮುನ್ನ

2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 19ನೇ ಕ್ರೆಸ್ಟ್ ಗೇಟಿನ ಸರಪಳಿ ತುಂಡಾಗಿ ಗೇಟು ಕೊಚ್ಚಿಹೋಯಿತು. ಹೊಸಪೇಟೆಯಿಂದ ಆಂಧ್ರ, ತೆಲಂಗಾಣದವರೆಗಿನ ರೈತರು ಉಸಿರು ಬಿಗಿಹಿಡಿದು ಕುಳಿತ ಆ ವಾರವನ್ನು ಈ ಭಾಗದ ಜನ ಮರೆತಿರಲಾರರು. ಜಲಾಶಯ ಭರ್ತಿಯಾಗಿತ್ತು. ಉಳಿದ ಗೇಟುಗಳ ಮೇಲಿನ ಒತ್ತಡ ತಗ್ಗಿಸಲು ವರ್ಷದ ಬೆಳೆಯ ನೀರನ್ನು ನದಿಗೆ ಬಿಡಬೇಕಾಯಿತು. ಗೇಟು ತಜ್ಞ ಕನ್ನಯ್ಯ ನಾಯ್ಡು ಅವರ ಮಾರ್ಗದರ್ಶನದಲ್ಲಿ ಹರಿಯುವ ನೀರಿನಲ್ಲೇ ಉಕ್ಕಿನ ಸ್ಟಾಪ್ ಲಾಗ್‌ಗಳನ್ನು ಒಂದರ ಮೇಲೊಂದು ಇಳಿಸಿ, ಒಂದು ವಾರದೊಳಗೆ ಆ ಕಂಡಿಯನ್ನು ಮುಚ್ಚಲಾಯಿತು. ಮುಖ್ಯಮಂತ್ರಿಗಳು ಅಭಿನಂದಿಸಿದರು, ಪತ್ರಿಕೆಗಳು ಕೊಂಡಾಡಿದವು. ಅದು ಯೋಗ್ಯವೇ ಆಗಿತ್ತು. ಆದರೆ ಭೋರ್ಗರೆಯುವ ನೀರಿನ ಮೇಲೆ ಟನ್‌ಗಟ್ಟಲೆ ತೂಕದ ಆ ಉಕ್ಕಿನ ಹಲಗೆಗಳನ್ನು ತೂಗಾಡಿಸದೆ ಹಿಡಿದು, ಬೆರಳಗಲದ ಲೆಕ್ಕದಲ್ಲಿ ಕಂಡಿಗೆ ಕೂರಿಸಿದ ಕ್ರೇನ್ ಆಪರೇಟರುಗಳು ಯಾರು, ಅವರು ಈ ಕೆಲಸವನ್ನು ಎಲ್ಲಿ ಕಲಿತರು ಎಂದು ಕೇಳಿದವರು ಕಡಿಮೆ.

ಈ ಪ್ರಶ್ನೆಯನ್ನು ನಾವು ಈಗ ಎತ್ತುವುದಕ್ಕೆ ಕಾರಣವಿದೆ. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ ಮತ್ತು ಹರಪನಹಳ್ಳಿಗಳ ಮುಸ್ಲಿಮ್ ಮೊಹಲ್ಲಾಗಳಿಂದ ಪ್ರತಿ ವರ್ಷ ಎಸೆಸೆಲ್ಸಿ ಫಲಿತಾಂಶದ ನಂತರ, ಪಾಸಾದವರೂ ನಪಾಸಾದವರೂ ಎನ್ನದೆ, ಯುವಕರು ಹೊಸಪೇಟೆ, ತೋರಣಗಲ್ಲು, ಗಿಣಿಗೇರಾ ಕಡೆಯ ಬಸ್ಸು ಹತ್ತುತ್ತಾರೆ. ಹೋಗುವಾಗ ಅವರ ಕೈಯಲ್ಲಿ ಇರುವುದು ಒಬ್ಬ ಗುತ್ತಿಗೆದಾರನ ಫೋನ್ ನಂಬರು ಮಾತ್ರ. ಹೆಲ್ಪರ್ ಎಂದು ಸೇರಿದ ಹುಡುಗ ಲೋಡಿಗೆ ಸ್ಲಿಂಗ್ ಕಟ್ಟುತ್ತಾನೆ, ಆಪರೇಟರ್ ಊಟಕ್ಕೆ ಹೋದಾಗ ಪೆಂಡೆಂಟಿನ ಗುಂಡಿ ಒತ್ತಿ ನೋಡುತ್ತಾನೆ, ಕೆಲವು ತಿಂಗಳಲ್ಲಿ 'ಬರುತ್ತದೆ' ಎಂದಾಗುತ್ತದೆ. ಬಳಿಕ ಒಂದು ದಿನ ಆಪರೇಟರ್ ರಜೆ ಹಾಕಿದಾಗ ಅವನೇ ಕ್ಯಾಬಿನ್ ಏರುತ್ತಾನೆ. ನಮ್ಮ ಗ್ಯಾರೇಜುಗಳಲ್ಲಿ ಕೆಲಸ ಕಲಿಯುವ ಪರಿಯೂ ಇದೇ, ಲಾರಿ ಕ್ಲೀನರ್ ಡ್ರೈವರ್ ಆಗುವ ಪರಿಯೂ ಇದೇ. ಕೈಗೆ ಕೆಲಸ ಬರುತ್ತದೆ ಎಂಬುದರಲ್ಲಿ ಎರಡು ಮಾತಿಲ್ಲ. ಆದರೆ ಮೂವತ್ತು ಅಡಿ ಎತ್ತರದಲ್ಲಿ ಕುಳಿತು ಹತ್ತಿಪ್ಪತ್ತು ಟನ್ ಉಕ್ಕನ್ನು ಮನುಷ್ಯರು ಓಡಾಡುವ ಜಾಗದ ಮೇಲೆ ಸಾಗಿಸುವ ಕೆಲಸಕ್ಕೆ 'ಬರುತ್ತದೆ' ಎಂಬುದು ಸಾಕಾಗುತ್ತದೆಯೇ?

ಈ ಐದು ತಾಲೂಕುಗಳ ಕಥೆಯನ್ನು ಸ್ವಲ್ಪ ಹೇಳಬೇಕು. ಡಾ. ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲಿ ಸಲ್ಲಿಸಿದ ವರದಿಯು ಕೂಡ್ಲಿಗಿ ಮತ್ತು ಹರಪನಹಳ್ಳಿಗಳನ್ನು ರಾಜ್ಯದ ಅತ್ಯಂತ ಹಿಂದುಳಿದ ತಾಲೂಕುಗಳ ಪಟ್ಟಿಯಲ್ಲಿರಿಸಿತ್ತು. ಹರಪನಹಳ್ಳಿಯನ್ನಂತೂ 1997ರಲ್ಲಿ ದಾವಣಗೆರೆಗೆ ಸೇರಿಸಿ, ಮತ್ತೆ ಬಳ್ಳಾರಿಗೆ ತಂದು, 2021ರಲ್ಲಿ ಉಳಿದ ನಾಲ್ಕರೊಂದಿಗೆ ಹೊಸ ವಿಜಯನಗರ ಜಿಲ್ಲೆಗೆ ಹಾಕಲಾಯಿತು. ತೋರಣಗಲ್ಲಿನಲ್ಲಿ ವಿಜಯನಗರ ಉಕ್ಕಿನ ಕಾರ್ಖಾನೆಗೆ ಇಂದಿರಾ ಗಾಂಧಿಯವರು ಅಡಿಗಲ್ಲು ಹಾಕಿದ್ದು 1971ರಲ್ಲಿ. ಸರಕಾರಿ ಕಾರ್ಖಾನೆ ಬರಲೇ ಇಲ್ಲ. ಎರಡು ದಶಕಗಳಿಗೂ ಹೆಚ್ಚು ಕಾಲದ ನಂತರ, 1994ರಲ್ಲಿ, ಜಿಂದಾಲ್ ಕಂಪೆನಿ ಅಲ್ಲಿ ಹುಟ್ಟಿಕೊಂಡಿತು. ಇಂದು ವರ್ಷಕ್ಕೆ ಒಂದು ಕೋಟಿ ಟನ್‌ಗೂ ಹೆಚ್ಚು ಉಕ್ಕು ತಯಾರಿಸುವ ಸಾಮರ್ಥ್ಯ ಅದಕ್ಕಿದೆ. ವಿಪರ್ಯಾಸವೆಂದರೆ ಜಿಲ್ಲೆ ವಿಭಜನೆಯಾದಾಗ ತೋರಣಗಲ್ಲು ಸಂಡೂರು ತಾಲೂಕಿನೊಂದಿಗೆ ಬಳ್ಳಾರಿಯಲ್ಲೇ ಉಳಿಯಿತು. ವಿಜಯನಗರ ಎಂಬ ಹೆಸರು ಒಂದು ಕಡೆಗೆ, ವಿಜಯನಗರದ ಉಕ್ಕು ಇನ್ನೊಂದು ಕಡೆಗೆ. ನಮ್ಮ ಹುಡುಗರಿಗೆ ಬಸ್ಸಿನ ದಾರಿ ಮಾತ್ರ ಮೊದಲಿನಷ್ಟೇ ಇದೆ.

ಇನ್ನೊಂದು ಕಾರ್ಖಾನೆಯ ಹೆಸರನ್ನು ಇಲ್ಲಿ ನೆನೆಯದಿದ್ದರೆ ಅನ್ಯಾಯವಾದೀತು. ತುಂಗಭದ್ರಾ ಅಣೆಕಟ್ಟಿನ ಪಕ್ಕದಲ್ಲೇ 1960ರಲ್ಲಿ ಆರಂಭವಾದ ತುಂಗಭದ್ರಾ ಸ್ಟೀಲ್ ಪ್ರಾಡಕ್ಟ್ಸ್ ಎಂಬ ಸಾರ್ವಜನಿಕ ಉದ್ದಿಮೆ ಅಣೆಕಟ್ಟುಗಳ ಗೇಟುಗಳನ್ನೂ ಅವುಗಳನ್ನೆತ್ತುವ ಹಾಯ್ಸ್ಟ್‌ಗಳನ್ನೂ ಮಾತ್ರವಲ್ಲ, ಗ್ಯಾಂಟ್ರಿ ಮತ್ತು ಓವರ್‌ಹೆಡ್ ಕ್ರೇನುಗಳನ್ನೂ ತಯಾರಿಸುತ್ತಿತ್ತು. ನಷ್ಟದ ಕಾರಣ ನೀಡಿ 2015ರ ಡಿಸೆಂಬರಿನಲ್ಲಿ ಕೇಂದ್ರ ಸಚಿವ ಸಂಪುಟ ಅದರ ಮುಚ್ಚುವಿಕೆಗೆ ಒಪ್ಪಿಗೆ ನೀಡಿತು. ಒಂಬತ್ತು ವರ್ಷ ತುಂಬುವ ಮೊದಲೇ ಅದೇ ಅಣೆಕಟ್ಟಿನ ಗೇಟು ಕಿತ್ತುಹೋಯಿತು. ಒಂದು ಕಾರ್ಖಾನೆ ಮುಚ್ಚಿದರೆ ಯಂತ್ರಗಳು ಹರಾಜಾಗುತ್ತವೆ, ಲೆಕ್ಕ ಚುಕ್ತಾ ಆಗುತ್ತದೆ. ಆದರೆ ಹಿರಿಯ ಕೆಲಸಗಾರನಿಂದ ಕಿರಿಯನಿಗೆ ದಾಟುತ್ತಿದ್ದ ಕೈಯ ಅರಿವು ಯಾವ ಲೆಕ್ಕಪುಸ್ತಕದಲ್ಲೂ ಕಾಣಿಸುವುದಿಲ್ಲ.

ಓವರ್‌ಹೆಡ್ ಕ್ರೇನ್ ಎಂದರೇನೆಂದು ತಾಯಂದಿರಿಗೂ ತಿಳಿಯುವಂತೆ ಹೇಳೋಣ. ಕಾರ್ಖಾನೆಯ ಉದ್ದಕ್ಕೂ ಎರಡೂ ಗೋಡೆಗಳ ಮೇಲ್ಭಾಗದಲ್ಲಿ ಹಳಿಗಳಿರುತ್ತವೆ. ಆ ಹಳಿಗಳ ಮೇಲೆ, ಒಂದು ಗೋಡೆಯಿಂದ ಇನ್ನೊಂದಕ್ಕೆ ಅಡ್ಡಲಾಗಿ, ಉಕ್ಕಿನ ತೊಲೆಗಳ ಸೇತುವೆಯೊಂದು ಚಲಿಸುತ್ತದೆ. ಸೇತುವೆಯ ಮೇಲೆ ಟ್ರಾಲಿ ಅಡ್ಡಕ್ಕೆ ಓಡುತ್ತದೆ, ಟ್ರಾಲಿಯಿಂದ ತಂತಿಹಗ್ಗದಲ್ಲಿ ಕೊಕ್ಕೆ ಇಳಿಯುತ್ತದೆ. ಉದ್ದಕ್ಕೆ, ಅಡ್ಡಕ್ಕೆ, ಮೇಲಕ್ಕೆ-ಕೆಳಕ್ಕೆ, ಇಷ್ಟೇ ಚಲನೆಗಳು. ನೋಡುವವರಿಗೆ ಸುಲಭ. ಆದರೆ ಹಗ್ಗದಲ್ಲಿ ತೂಗಾಡುವ ವಸ್ತುವಿಗೆ ಅದರದೇ ಆದ ಸ್ವಭಾವವಿದೆ. ಕ್ರೇನ್ ಹೊರಟಾಗ ಲೋಡು ಹಿಂದೆ ಉಳಿಯುತ್ತದೆ, ಕ್ರೇನ್ ನಿಂತಾಗ ಲೋಡು ಮುಂದಕ್ಕೆ ಹೋಗುತ್ತದೆ. ಹೊಸಬ ಗಾಬರಿಯಿಂದ ಹಿಂದಕ್ಕೆಳೆಯುತ್ತಾನೆ, ತೂಗಾಟ ಇನ್ನಷ್ಟು ಹೆಚ್ಚುತ್ತದೆ. ಕಲಿತವನು ಲೋಡು ತೂಗಿದ ದಿಕ್ಕಿಗೇ ಕ್ರೇನನ್ನು ಸ್ವಲ್ಪ ಸರಿಸಿ, ಲೋಡಿನ ನೆತ್ತಿಯ ಮೇಲೆ ತಂದು ನಿಲ್ಲಿಸುತ್ತಾನೆ. ತೂಗಾಟ ಸತ್ತುಹೋಗುತ್ತದೆ. ಈ ಒಂದು ವಿದ್ಯೆಗೆ ವಾರಗಟ್ಟಲೆ ಅಭ್ಯಾಸ ಬೇಕು. ಆ ಅಭ್ಯಾಸ ಮರಳಿನ ಚೀಲದ ಮೇಲೆ ಆಗಬೇಕೇ ಹೊರತು ಸಹೋದ್ಯೋಗಿಗಳ ತಲೆಯ ಮೇಲಲ್ಲ.

ಸ್ಲಿಂಗಿನ ವಿಷಯಕ್ಕೆ ಬಂದರೆ ನಮ್ಮ ಹುಡುಗರಲ್ಲಿ ಹೆಚ್ಚಿನವರಿಗೆ ಒಂದು ಲೆಕ್ಕವನ್ನು ಯಾರೂ ಹೇಳಿಕೊಟ್ಟಿರುವುದಿಲ್ಲ. ಎರಡು ಟನ್ ತೂಕದ ವಸ್ತುವನ್ನು ಎರಡು ಕವಲಿನ ಸ್ಲಿಂಗಿನಲ್ಲಿ ನೇರವಾಗಿ ಎತ್ತಿದರೆ ಒಂದೊಂದು ಕವಲಿಗೆ ಒಂದು ಟನ್ ಭಾರ ಬೀಳುತ್ತದೆ. ಅದೇ ಕವಲುಗಳನ್ನು ಅಗಲಕ್ಕೆ ಹರಡಿ, ನೆಲಮಟ್ಟಕ್ಕೆ 30 ಡಿಗ್ರಿ ಕೋನದಲ್ಲಿ ಕಟ್ಟಿದರೆ ಒಂದೊಂದು ಕವಲಿನ ಮೇಲೂ ಎರಡು ಟನ್ ಎಳೆತ. ವಸ್ತು ಅದೇ, ತೂಕ ಅದೇ, ಆದರೆ ಹಗ್ಗದ ಪಾಲಿಗೆ ಭಾರ ಇಮ್ಮಡಿ. 60 ಡಿಗ್ರಿಯಾದರೆ ಹೆಚ್ಚುವರಿ ಭಾರ ಅಲ್ಪ. ಹತ್ತನೇ ತರಗತಿಯ ತ್ರಿಕೋನಮಿತಿಯನ್ನು 'ಇದು ಬದುಕಿನಲ್ಲಿ ಯಾವುದಕ್ಕೆ ಬರುತ್ತದೆ' ಎಂದು ಹೀಗಳೆದವನಿಗೆ ಉತ್ತರ ಇಲ್ಲಿದೆ. ಕೋನ ತಿಳಿಯದವನು ಕಟ್ಟಿದ ಸ್ಲಿಂಗು ಮುರಿದರೆ, ಗುಂಡಿ ಒತ್ತಿದ ಆಪರೇಟರ್ ನಿರಪರಾಧಿಯಾದರೂ, ಕೆಳಗಿದ್ದವನು ಉಳಿಯುವುದಿಲ್ಲ. ಆದ್ದರಿಂದ ಆಪರೇಟರನಿಗೆ ಸ್ಲಿಂಗು ಕಟ್ಟುವ ವಿದ್ಯೆಯೂ ಗೊತ್ತಿರಬೇಕು, ಕಟ್ಟುವವನಿಗೆ ಕ್ರೇನಿನ ಸ್ವಭಾವವೂ ಗೊತ್ತಿರಬೇಕು.

ಇನ್ನು ಉಳಿದ ನಿಯಮಗಳು. ಶಿಫ್ಟ್ ಆರಂಭಕ್ಕೆ ಮುನ್ನ ಲೋಡಿಲ್ಲದೆ ಕ್ರೇನ್ ನಡೆಸಿ ಬ್ರೇಕನ್ನೂ ಲಿಮಿಟ್ ಸ್ವಿಚ್ಚನ್ನೂ ಪರೀಕ್ಷಿಸಬೇಕು. ತಂತಿಹಗ್ಗದಲ್ಲಿ ಎಳೆ ಮುರಿದಿದೆಯೇ, ಕೊಕ್ಕೆ ಬಾಯಿ ಬಿಟ್ಟಿದೆಯೇ, ಕೊಕ್ಕೆಯ ನಾಲಗೆ ಸರಿಯಾಗಿ ಮುಚ್ಚುತ್ತದೆಯೇ ಎಂದು ಕಣ್ಣಾರೆ ನೋಡಬೇಕು. ಭಾರವನ್ನು ಮೊದಲು ಕೆಲವೇ ಅಂಗುಲ ಎತ್ತಿ ನಿಲ್ಲಿಸಿ, ಬ್ರೇಕ್ ಹಿಡಿದಿದೆಯೆಂದು ಖಾತ್ರಿಯಾದ ಮೇಲಷ್ಟೇ ಮೇಲಕ್ಕೊಯ್ಯಬೇಕು. ಓರೆಯಾಗಿ ಎಳೆಯಬಾರದು, ಡ್ರಮ್ಮಿನ ಹೊರೆಯಿಂದ ಹಗ್ಗ ಜಾರುತ್ತದೆ. ಜನರ ತಲೆಯ ಮೇಲೆ ಲೋಡು ಒಯ್ಯಬಾರದು, ಲೋಡನ್ನು ನೇತಾಡಿಸಿ ಬಿಟ್ಟು ಕೆಳಗಿಳಿಯಬಾರದು. ಕರೆಂಟು ಹೋದ ಕೂಡಲೇ ಎಲ್ಲ ಹಿಡಿಕೆಗಳನ್ನೂ ಸೊನ್ನೆಗೆ ತರಬೇಕು. ಇಲ್ಲವಾದರೆ ಕರೆಂಟು ಬಂದಾಗ ಕ್ರೇನು ತಾನೇ ಓಡುತ್ತದೆ. ಕೈಸನ್ನೆ ಕೊಡುವವನು ಒಬ್ಬನೇ ಇರಬೇಕು, ಅವನ ಸನ್ನೆಯಲ್ಲದೆ ಬೇರೆಯವರದನ್ನು ಪಾಲಿಸಬಾರದು. ಆದರೆ 'ನಿಲ್ಲಿಸು' ಎಂಬ ಸನ್ನೆಯನ್ನು ಯಾರೇ ಕೊಟ್ಟರೂ, ಕಸ ಗುಡಿಸುವ ಹೆಂಗಸು ಕೊಟ್ಟರೂ, ತಕ್ಷಣ ನಿಲ್ಲಿಸಬೇಕು. ಈ ಕೊನೆಯ ನಿಯಮ ನಮಗೆ ಬಹಳ ಮೆಚ್ಚುಗೆಯಾಯಿತು. ಇದನ್ನು ಕೆಲವು ಜಮಾಅತ್ ಕಮಿಟಿಗಳೂ ಪಾಲಿಸಿದರೆ ಒಳ್ಳೆಯದಿತ್ತು.

ಈ ನಿಯಮಗಳು ಯಾವುದೋ ಅಧಿಕಾರಿಯ ತಲೆಯಲ್ಲಿ ಹುಟ್ಟಿದವಲ್ಲ. ಒಂದೊಂದರ ಹಿಂದೆಯೂ ಹೆಣಗಳಿವೆ. 2007ರ ಏಪ್ರಿಲ್ 18ರಂದು ಚೀನಾದ ಲಿಯಾವೊನಿಂಗ್ ಪ್ರಾಂತದ ಕಿಂಗ್ಹೆ ಉಕ್ಕಿನ ಕಾರ್ಖಾನೆಯಲ್ಲಿ 30 ಟನ್ ಕರಗಿದ ಉಕ್ಕು ತುಂಬಿದ ಲೇಡಲ್ ಓವರ್‌ಹೆಡ್ ಕ್ರೇನಿನಿಂದ ಕಳಚಿ ಬಿತ್ತು. ಕರಗಿದ ಉಕ್ಕು ಪಕ್ಕದ ಕೋಣೆಗೆ ನುಗ್ಗಿತು. ಅಲ್ಲಿ ಶಿಫ್ಟ್ ಬದಲಾವಣೆಗೆಂದು ಸೇರಿದ್ದವರೂ ಒಳಗೊಂಡು 32 ಮಂದಿ ಸತ್ತರು. ಕರಗಿದ ಲೋಹ ಎತ್ತಲು ತಕ್ಕುದಲ್ಲದ ಸಾಮಾನ್ಯ ಕ್ರೇನನ್ನು ಅಲ್ಲಿ ಬಳಸಲಾಗಿತ್ತು, ವಿದ್ಯುತ್ ನಿಯಂತ್ರಣ ಕೆಟ್ಟಾಗ ಬ್ರೇಕ್ ಹಿಡಿಯಲಿಲ್ಲ ಎಂದು ತನಿಖೆ ತಿಳಿಸಿತು. ಜನರು ಸೇರುವ ಕೋಣೆ ಲೇಡಲಿನ ಅಷ್ಟು ಸಮೀಪದಲ್ಲಿ ಇರಲೇಬಾರದಿತ್ತು. ನಮ್ಮ ದೇಶದಲ್ಲೇ 2020ರ ಆಗಸ್ಟ್ 1ರಂದು ವಿಶಾಖಪಟ್ಟಣದ ಹಿಂದೂಸ್ತಾನ್ ಶಿಪ್‌ಯಾರ್ಡಿನಲ್ಲಿ ಭಾರ ಪರೀಕ್ಷೆಯ ವೇಳೆಯೇ ಕ್ರೇನು ಕುಸಿದು 11 ಮಂದಿ ಜೀವ ಕಳೆದುಕೊಂಡರು.

ಇನ್ನೊಂದು ಘಟನೆಯನ್ನು ನೆನಪಿಸಲು ಮನಸ್ಸು ಹಿಂಜರಿಯುತ್ತದೆ. 2015ರ ಸೆಪ್ಟೆಂಬರ್ 11, ಶುಕ್ರವಾರ, ಹಜ್ಜಿಗೆ ಕೆಲವೇ ದಿನಗಳಿದ್ದಾಗ ಮಕ್ಕಾದ ಮಸ್ಜಿದುಲ್ ಹರಾಮಿನ ಮೇಲೆ ಬೃಹತ್ ಕ್ರೇನೊಂದು ಉರುಳಿ ನೂರಕ್ಕೂ ಹೆಚ್ಚು ಯಾತ್ರಿಕರು ಮೃತಪಟ್ಟರು. ಅದು ಓವರ್‌ಹೆಡ್ ಕ್ರೇನಲ್ಲ, ಕಟ್ಟಡ ಕಾಮಗಾರಿಯ ಕ್ರೇನು. ಆ ದಿನ ಬಿರುಗಾಳಿ, ಮಳೆ. ನಮ್ಮಲ್ಲಿ ಎಷ್ಟೋ ಮಂದಿ 'ವಿಧಿ' ಎಂದು ನಿಟ್ಟುಸಿರುಬಿಟ್ಟು ಮರಣ ಹೊಂದಿದವರಿಗಾಗಿ ದುಆ ಮಾಡಿದರು. ದುಆ ಮಾಡಬೇಕಾದದ್ದೇ. ಆದರೆ ಸೌದಿ ಸರಕಾರ ಅಷ್ಟಕ್ಕೇ ನಿಲ್ಲಲಿಲ್ಲ, ತನಿಖೆ ನಡೆಸಿತು. ಕೆಲಸವಿಲ್ಲದ ಹೊತ್ತಿನಲ್ಲಿ ಕ್ರೇನಿನ ತೋಳನ್ನು ಕೆಳಗಿಳಿಸಿಡಬೇಕೆಂಬ ತಯಾರಕರ ಸೂಚನೆಯನ್ನು ಪಾಲಿಸಿರಲಿಲ್ಲ ಎಂದು ಕಂಡುಕೊಂಡು ಬಿನ್‌ಲಾದಿನ್ ಗ್ರೂಪ್ ಮೇಲೆ ಕ್ರಮ ಜರಗಿಸಿತು. ಭೂಮಿಯ ಮೇಲಿನ ಅತ್ಯಂತ ಪವಿತ್ರ ಸ್ಥಳದಲ್ಲಿ ಬಿದ್ದ ಕ್ರೇನಿಗೇ ವಿಧಿಯ ಹೆಸರಿನಲ್ಲಿ ವಿನಾಯಿತಿ ಸಿಗಲಿಲ್ಲ ಎಂದ ಮೇಲೆ, ಬೆಲ್ಟ್ ಕಟ್ಟದೆ ಏಣಿ ಹತ್ತುವ ಹುಡುಗ 'ಅಲ್ಲಾಹನಿದ್ದಾನೆ' ಎನ್ನುವುದಕ್ಕೆ ಏನೆನ್ನೋಣ? ಒಂಟೆಯನ್ನು ಮೊದಲು ಕಟ್ಟು, ಆಮೇಲೆ ಭರವಸೆಯಿಡು ಎಂಬರ್ಥದಲ್ಲಿ ಪ್ರವಾದಿ(ಸ)ರು ಆ ಮರುಭೂಮಿಯ ಮನುಷ್ಯನಿಗೆ ಬೋಧಿಸಿದ ಪಾಠವನ್ನು ನಮ್ಮ ಮದ್ರಸಾದ ಮೂರನೇ ತರಗತಿಯ ಮಗುವೂ ಬಲ್ಲದು.

ಕುಶಲ ಕೆಲಸವನ್ನು ದೀನಿಗೆ ಹೊರಗಿನದೆಂದು ಭಾವಿಸುವ ಮನೋಭಾವ ನಮ್ಮಲ್ಲಿ ಎಲ್ಲಿಂದ ಬಂತೋ ತಿಳಿಯದು. ಪವಿತ್ರ ಕುರ್‌ಆನಿನ ಸಬಅ್ ಅಧ್ಯಾಯದಲ್ಲಿ ಪ್ರವಾದಿ ದಾವೂದ್(ಅ)ರಿಗೆ ಕಬ್ಬಿಣವನ್ನು ಮೃದುಗೊಳಿಸಿಕೊಟ್ಟ ಪ್ರಸ್ತಾಪವಿದೆ. ಅದರ ಬೆನ್ನಿಗೇ ಕವಚದ ಕೊಂಡಿಗಳನ್ನು ಅಳತೆಯರಿತು ಜೋಡಿಸಬೇಕೆಂಬ ಆಜ್ಞೆಯಿದೆ. ಕಬ್ಬಿಣದ ವರದ ಜೊತೆಗೇ ಅಳತೆಯ ಹೊಣೆಯೂ ಬಂತು ಎಂಬುದನ್ನು ಗಮನಿಸಬೇಕು. ಸರಪಳಿಯ ಒಂದು ಕೊಂಡಿಯ ಬೆಲೆ ಏನೆಂಬುದು ತುಂಗಭದ್ರೆಯ ದಂಡೆಯವರಿಗೆ ಈಗ ವಿವರಿಸಬೇಕಾಗಿಲ್ಲ. ಅಲ್ ಕಸಸ್ ಅಧ್ಯಾಯದಲ್ಲಿ ಮದ್‌ಯನ್‌ನ ವೃದ್ಧರ ಮಗಳು ಮೂಸಾ(ಅ)ರನ್ನು ಕೆಲಸಕ್ಕಿಟ್ಟುಕೊಳ್ಳುವಂತೆ ತಂದೆಗೆ ಹೇಳುವಾಗ ಮುಂದಿಟ್ಟ ಅರ್ಹತೆಗಳು ಎರಡು: ಸಾಮರ್ಥ್ಯ ಮತ್ತು ವಿಶ್ವಾಸಾರ್ಹತೆ. ಹುಡುಗ ಪ್ರಾಮಾಣಿಕ, ನಮಾಝಿ ಎಂದು ಶಿಫಾರಸು ಪತ್ರ ಬರೆದುಕೊಡುವ ನಮ್ಮ ಹಿರಿಯರು ಎರಡನೆಯ ಅರ್ಹತೆಯನ್ನು ಹೇಳಿ ಮೊದಲನೆಯದನ್ನು ಬಿಟ್ಟುಬಿಡುತ್ತಾರೆ. ಫಿಕ್ಹ್ ಓದಿದವರಿಗೆ ಇನ್ನೊಂದು ಮಾತೂ ಗೊತ್ತಿದೆ. ವೈದ್ಯ ಬಾರದವನು ವೈದ್ಯ ಮಾಡಿ ರೋಗಿಗೆ ಹಾನಿಯಾದರೆ ಅವನೇ ಹೊಣೆಗಾರ ಎಂದು ಹದೀಸಿನ ಆಧಾರದಲ್ಲಿ ವಿದ್ವಾಂಸರು ವಿಧಿಸಿದ್ದಾರೆ. ಒಳ್ಳೆಯ ಉದ್ದೇಶವಿತ್ತು ಎಂಬ ನೆಪ ಅಲ್ಲಿ ನಡೆಯುವುದಿಲ್ಲ. ಕ್ರೇನ್ ಬಾರದವನು ಕ್ರೇನ್ ನಡೆಸಿದರೆ ನಿಯಮ ಬೇರೆಯಾಗಲು ಕಾರಣವೇನಿದೆ? ಅವನನ್ನು ಕ್ಯಾಬಿನ್ನಿಗೆ ಹತ್ತಿಸಿದ ಗುತ್ತಿಗೆದಾರನ ಪಾಲು ಅದಕ್ಕಿಂತಲೂ ದೊಡ್ಡದು.

ಹಾಗಾದರೆ ತರಬೇತಿ ಎಲ್ಲಿ? ಇಲ್ಲಿ ನಮ್ಮ ಸಿಟ್ಟು ಎರಡು ಕಡೆಗೆ ಹರಿಯಬೇಕಾಗಿದೆ.

ಮೊದಲನೆಯದು, ಹಣ ಕೊಟ್ಟರೆ ಪ್ರಮಾಣಪತ್ರ ಕೊಡುವ ಅಂಗಡಿಗಳ ಕಡೆಗೆ. ಒಂದು ಕೋಣೆ, ಒಂದು ಪ್ರೊಜೆಕ್ಟರ್, ಗೋಡೆಯ ಮೇಲೆ ಕ್ರೇನಿನ ಚಿತ್ರ. ಎರಡು ದಿನಗಳ 'ಕೋರ್ಸ್' ಮುಗಿದ ಮೇಲೆ ಲ್ಯಾಮಿನೇಟ್ ಮಾಡಿದ ಕಾರ್ಡು, ಜೊತೆಗೆ ಗಲ್ಫ್ ಕೆಲಸದ ಆಶ್ವಾಸನೆ. ಕೊಕ್ಕೆಯನ್ನು ಕೈಯಿಂದ ಮುಟ್ಟದವನಿಗೂ ಆ ಕಾರ್ಡು ಸಿಗುತ್ತದೆ. ಮಗಳ ಮದುವೆಗೆಂದು ಕೂಡಿಟ್ಟ ಹಣವನ್ನು, ತಾಯಿಯ ಬಳೆಯನ್ನು ಇಂಥ ಅಂಗಡಿಗೆ ಸುರಿದ ಕುಟುಂಬಗಳು ನಮ್ಮ ಪಟ್ಟಣಗಳಲ್ಲಿವೆ. ಗಲ್ಫಿನ ಕಂಪೆನಿಗಳು ಅಲ್ಲಿಗೆ ಹೋದ ಮೇಲೆ ಮತ್ತೆ ಕೈಪರೀಕ್ಷೆ ಮಾಡುತ್ತವೆ, ಫೇಲಾದವನು ಹೆಲ್ಪರನಾಗುತ್ತಾನೆ, ಸಾಲ ಮಾತ್ರ ಆಪರೇಟರನ ಲೆಕ್ಕದ್ದೇ ಉಳಿಯುತ್ತದೆ. ವಿದೇಶಕ್ಕೆ ಕಳಿಸುವ ಏಜೆಂಟ್ ಸರಕಾರದಲ್ಲಿ ನೋಂದಣಿಯಾದವನೇ ಎಂದು ಪರಿಶೀಲಿಸುವ ವ್ಯವಸ್ಥೆಯಿದೆ. ಹತ್ತನೇ ತರಗತಿ ಪಾಸಾಗದವರ ಪಾಸ್‌ಪೋರ್ಟಿಗೆ ಗಲ್ಫ್ ದೇಶಗಳ ಉದ್ಯೋಗಕ್ಕೆ ವಲಸೆ ಅನುಮತಿಯೂ ಬೇಕು. ಇದನ್ನು ತಪ್ಪಿಸಿ 'ವಿಸಿಟ್ ವೀಸಾದಲ್ಲಿ ಹೋಗು, ಅಲ್ಲಿ ನೋಡೋಣ' ಎನ್ನುವವನು ಅಣ್ಣನಾದರೂ ನಂಬಬಾರದು.

ಎರಡನೆಯದು, ಸರಕಾರದ ಮತ್ತು ಉದ್ಯಮದ ಕಡೆಗೆ. 1961ರ ಅಪ್ರೆಂಟಿಸ್ ಕಾಯಿದೆ ಎಂಬುದೊಂದಿದೆ. ಅದರಡಿ ಗುರುತಿಸಲಾದ ಕಸುಬುಗಳಲ್ಲಿ ಉಕ್ಕಿನ ಉದ್ಯಮದ ಓವರ್‌ಹೆಡ್ ಕ್ರೇನ್ ಆಪರೇಟರನದೂ ಒಂದು. 2019ರ ನಿಯಮ ತಿದ್ದುಪಡಿಯ ನಂತರ, ಮೂವತ್ತು ಅಥವಾ ಅದಕ್ಕಿಂತ ಹೆಚ್ಚು ನೌಕರರಿರುವ ಸಂಸ್ಥೆಗಳು ಗುತ್ತಿಗೆ ಕೆಲಸಗಾರರನ್ನೂ ಎಣಿಸಿ ಒಟ್ಟು ಬಲದ ಶೇ. 2.5ರಿಂದ 15ರಷ್ಟು ಅಪ್ರೆಂಟಿಸ್‌ಗಳನ್ನು ತೆಗೆದುಕೊಳ್ಳಬೇಕು. ಅವರಿಗೆ ಸ್ಟೈಪೆಂಡ್ ಇದೆ, ಅದರ ಒಂದು ಪಾಲನ್ನು ಕೇಂದ್ರ ಸರಕಾರ ಭರಿಸುತ್ತದೆ. ಅಪಾಯಕಾರಿ ಉದ್ಯಮದಲ್ಲಾದರೆ 18 ವರ್ಷ ತುಂಬಿರಬೇಕು. ಅಂದರೆ ಕಲಿಯುವುದಕ್ಕೆ ಹಣ ಕೊಡಬೇಕಾದ ಸ್ಥಿತಿ ನಮ್ಮ ಹುಡುಗನದಲ್ಲ. ಕಲಿಯುತ್ತಿರುವಾಗಲೇ ಹಣ ಪಡೆಯುವ ದಾರಿಯನ್ನು ಕಾನೂನು ತೆರೆದಿಟ್ಟಿದೆ. ಅದನ್ನು ತಿಳಿದ ಹುಡುಗರು ಎಷ್ಟು ಮಂದಿ? ತಿಳಿಸಿದ ಜನಪ್ರತಿನಿಧಿಗಳು ಎಷ್ಟು ಮಂದಿ?

ಜನಪ್ರತಿನಿಧಿಗಳ ಮಾತು ಬಂತು. 2024ರ ಜುಲೈಯಲ್ಲಿ ಖಾಸಗಿ ಉದ್ಯಮಗಳ ಆಡಳಿತ ಹುದ್ದೆಗಳಲ್ಲಿ ಶೇ. 50, ಇತರ ಹುದ್ದೆಗಳಲ್ಲಿ ಶೇ. 70 ಸ್ಥಳೀಯರಿಗೆ ಮೀಸಲಿಡುವ ಮಸೂದೆಗೆ ರಾಜ್ಯ ಸಚಿವ ಸಂಪುಟ ಒಪ್ಪಿಗೆ ನೀಡಿತು. ಉದ್ಯಮಿಗಳು ಗದ್ದಲವೆಬ್ಬಿಸಿದ ಒಂದೆರಡು ದಿನಗಳಲ್ಲೇ ಅದನ್ನು ತಡೆಹಿಡಿಯಲಾಯಿತು. ಸರೋಜಿನಿ ಮಹಿಷಿ ವರದಿಯ ಕಾಲದಿಂದಲೂ ನಾವು ನೋಡುತ್ತಾ ಬಂದಿರುವ ನಾಟಕವಿದು. ಸಂವಿಧಾನದ 371ಜೆ ವಿಧಿ ನಮ್ಮ ಭಾಗಕ್ಕೆ ಬಂದದ್ದು ದೊಡ್ಡ ಉಪಕಾರವೇ ಹೌದು. ಆದರೆ ಅದರ ಮೀಸಲಾತಿ ಶಿಕ್ಷಣಕ್ಕೂ ಸರಕಾರಿ ನೌಕರಿಗೂ ಸೀಮಿತ, ಉಕ್ಕಿನ ಕಾರ್ಖಾನೆಯ ಗೇಟಿನೊಳಗೆ ಅದು ನಡೆಯುವುದಿಲ್ಲ. ಸ್ಥಳೀಯರಿಗೆ ಕೌಶಲವಿಲ್ಲ, ಆದ್ದರಿಂದ ಹೊರಗಿನವರನ್ನು ತರುತ್ತೇವೆ ಎಂಬುದು ಉದ್ಯಮಿಗಳ ಹಳೆಯ ಉತ್ತರ. ಈ ಉತ್ತರಕ್ಕೆ ಮರುತ್ತರ ಭಾಷಣದಲ್ಲಿಲ್ಲ. ಐದು ತಾಲೂಕುಗಳ ನಡುವೆ, ಹೊಸಪೇಟೆ-ಹರಿಹರ ರೈಲು ಮಾರ್ಗದಲ್ಲೇ ಇರುವ ಕೊಟ್ಟೂರಿನಲ್ಲೋ ಹಗರಿಬೊಮ್ಮನಹಳ್ಳಿಯಲ್ಲೋ, ನಿಜವಾದ ಒಂದು ಓವರ್‌ಹೆಡ್ ಕ್ರೇನ್ ಇರುವ ತರಬೇತಿ ಶೆಡ್ಡನ್ನು ಸರಕಾರ ನಿರ್ಮಿಸಲಿ. ಐದು ಟನ್ನಿನದು ಸಾಕು. ಉದ್ಯಮಗಳ ಸಾಮಾಜಿಕ ಹೊಣೆಗಾರಿಕೆ ನಿಧಿಯ ಹಣವೂ ಖನಿಜ ಪ್ರದೇಶಾಭಿವೃದ್ಧಿಯ ಹಣವೂ ಇಂಥದಕ್ಕಲ್ಲದೆ ಇನ್ನಾವುದಕ್ಕೆ? ಈ ಬೇಡಿಕೆ ಕೇವಲ ಮುಸ್ಲಿಮರದ್ದಲ್ಲ. ನಮ್ಮ ಹುಡುಗನ ಪಕ್ಕದ ಬೆಂಚಿನಲ್ಲಿ ನಾಯಕರ ಹುಡುಗನೂ ಲಂಬಾಣಿ ತಾಂಡಾದ ಹುಡುಗನೂ ಕುಳಿತಿರುತ್ತಾರೆ.

2011ರ ಜುಲೈಯಲ್ಲಿ ಸುಪ್ರೀಮ್ ಕೋರ್ಟ್ ಬಳ್ಳಾರಿಯ ಗಣಿಗಾರಿಕೆಗೆ ತಡೆಯೊಡ್ಡಿದಾಗ ಏನಾಯಿತೆಂಬುದನ್ನು ನೆನಪಿಸಿಕೊಳ್ಳಬೇಕು. ಅಕ್ರಮವನ್ನು ತಡೆದದ್ದು ಸರಿಯಾದ ತೀರ್ಪೇ. ಆದರೆ ಕೆಂಪು ಧೂಳಿನ ಆ ವರ್ಷಗಳಲ್ಲಿ ಸಾಲ ಮಾಡಿ ಲಾರಿ ಕೊಂಡವರು, ಲಾರಿಯನ್ನೇ ನಂಬಿ ಶಾಲೆ ಬಿಟ್ಟವರು, ಹೆದ್ದಾರಿಯ ಬದಿಯಲ್ಲಿ ಗ್ಯಾರೇಜ್, ಟಯರ್ ಅಂಗಡಿ ತೆರೆದವರು ಒಂದೇ ತಿಂಗಳಲ್ಲಿ ಬೀದಿಗೆ ಬಿದ್ದರು. ಅವರಲ್ಲಿ ನಮ್ಮವರ ಪಾಲು ದೊಡ್ಡದಿತ್ತು. ಸಂಘಟಿತ ವಲಯದ ಉದ್ಯೋಗಗಳಲ್ಲಿ ಮುಸ್ಲಿಮರು ತೀರಾ ಕಡಿಮೆ, ಸ್ವಂತ ಸಣ್ಣ ದುಡಿಮೆಯಲ್ಲೇ ಹೆಚ್ಚು ಎಂದು ಸಾಚಾರ್ ಸಮಿತಿ 2006ರಲ್ಲಿ ದೇಶದ ಮಟ್ಟದಲ್ಲಿ ಹೇಳಿದ್ದನ್ನು ನಮ್ಮ ಪಟ್ಟಣಗಳು ಕಣ್ಣಾರೆ ಕಂಡವು. ದಾಖಲೆಯಿಲ್ಲದ ಕೌಶಲಕ್ಕೆ ಕೆಟ್ಟ ಕಾಲದಲ್ಲಿ ಬೆಲೆಯಿಲ್ಲ. ಇಪ್ಪತ್ತು ವರ್ಷ ಎಂಜಿನ್ ಬಿಚ್ಚಿದ ಮೇಸ್ತ್ರಿಯ ಬಳಿ ಅದನ್ನು ಹೇಳುವ ಒಂದು ಚೀಟಿಯೂ ಇರಲಿಲ್ಲ.

ಈಗ ನಮ್ಮ ಕಡೆಗೆ ತಿರುಗೋಣ. ಐದೂ ಪಟ್ಟಣಗಳ ಅಂಜುಮನ್‌ಗಳು ಶಾದಿ ಮಹಲ್‌ಗಳಿಗಾಗಿ ಶಾಸಕರ ಮನೆಗೆ ಅಲೆಯುವಷ್ಟು ಶ್ರಮವನ್ನು ಒಂದು ಅಪ್ರೆಂಟಿಸ್ ಮಾಹಿತಿ ಶಿಬಿರಕ್ಕಾಗಿ ಪಟ್ಟಿವೆಯೇ? ಮದುವೆಯಿಲ್ಲದ ದಿನಗಳಲ್ಲಿ ಶಾದಿ ಮಹಲ್ ಖಾಲಿ ಬಿದ್ದಿರುತ್ತದೆ. ಅಲ್ಲಿ ಕ್ರೇನ್ ಕಲಿಸಲಾಗದು, ನಿಜ. ಆದರೆ ಅಪ್ರೆಂಟಿಸ್ ಪೋರ್ಟಲಿನಲ್ಲಿ ಹೆಸರು ನೋಂದಾಯಿಸಲು, ಐಟಿಐ ಅರ್ಜಿ ತುಂಬಲು, ಸ್ಲಿಂಗಿನ ಕೋನವನ್ನೂ ಕೈಸನ್ನೆಗಳನ್ನೂ ನಿವೃತ್ತ ಆಪರೇಟರೊಬ್ಬರಿಂದ ಹೇಳಿಸಲು ಒಂದು ಕಪ್ಪುಹಲಗೆ ಸಾಕು. ಕಣ್ಣಿನ ತಪಾಸಣೆಯ ಶಿಬಿರವನ್ನೂ ಅಲ್ಲೇ ನಡೆಸಬಹುದು. ದೂರದ ಅಂದಾಜು, ಬಣ್ಣಗಳ ಗುರುತು ಸರಿಯಿಲ್ಲದವನು ಈ ಕೆಲಸಕ್ಕೆ ಹೋಗಬಾರದು, ಅವನಿಗೆ ಮೊದಲೇ ಬೇರೆ ಕಸುಬು ತೋರಿಸಬಹುದು.

ಝಕಾತಿನ ಹಣವನ್ನು ಇದಕ್ಕೆ ಬಳಸಬಹುದೇ ಎಂಬ ಪ್ರಶ್ನೆ ಬರುತ್ತದೆ. ನಮ್ಮ ಭಾಗದಲ್ಲಿ ಹೆಚ್ಚಿನವರು ಅನುಸರಿಸುವ ಹನಫೀ ಮಝ್‌ಹಬ್ಬಿನಲ್ಲಿ ಝಕಾತಿಗೆ ತಮ್ಲೀಕ್, ಅಂದರೆ ಹಕ್ಕುದಾರನನ್ನು ಹಣದ ಒಡೆಯನನ್ನಾಗಿ ಮಾಡುವುದು, ಶರ್ತವಾಗಿದೆ. ಆದ್ದರಿಂದ ಆ ಹಣದಲ್ಲಿ ಶೆಡ್ಡು ಕಟ್ಟುವುದು, ಯಂತ್ರ ಕೊಳ್ಳುವುದು ಸರಿಯಾಗದು, ಅದಕ್ಕೆ ಸಾಮಾನ್ಯ ದಾನವನ್ನು ಸಂಗ್ರಹಿಸಬೇಕು. ಆದರೆ ಬಡ ವಿದ್ಯಾರ್ಥಿಯ ಕೈಗೆ ಝಕಾತನ್ನು ಕೊಟ್ಟು, ಅವನು ಅದರಿಂದ ಶುಲ್ಕ, ಬಸ್ ಪಾಸ್, ಸುರಕ್ಷತಾ ಶೂ, ಕೋಣೆ ಬಾಡಿಗೆ ಭರಿಸಿಕೊಂಡರೆ ಯಾವ ತಕರಾರೂ ಇಲ್ಲ. ರಮಝಾನಿನಲ್ಲಿ ಒಬ್ಬೊಬ್ಬರಿಗೆ ಐವತ್ತು, ನೂರು ರೂಪಾಯಿ ಹಂಚುವ ಶ್ರೀಮಂತರು ತಮ್ಮ ಓಣಿಯ ಒಬ್ಬನೇ ಹುಡುಗನನ್ನು ಆರಿಸಿಕೊಂಡು ಇಡೀ ವರ್ಷ ನೋಡಿಕೊಂಡರೆ ಮರುವರ್ಷ ಆ ಮನೆಯ ಮುಂದೆ ಕೈಚಾಚುವ ಒಂದು ಕುಟುಂಬ ಕಡಿಮೆಯಾಗುತ್ತದೆ. ಹೆಣ್ಣುಮಕ್ಕಳ ವಿಷಯದಲ್ಲೂ ಬಾಗಿಲು ಮುಚ್ಚಬೇಕಾಗಿಲ್ಲ. ಇಂದಿನ ಎಷ್ಟೋ ಕ್ರೇನುಗಳು ನೆಲದಲ್ಲಿ ನಿಂತು ರಿಮೋಟಿನಿಂದ ನಡೆಸುವಂಥವು, ಅಲ್ಲಿ ಬೇಕಾದದ್ದು ತೋಳ್ಬಲವಲ್ಲ, ಗಮನ. ಡಿಪ್ಲೊಮಾ ಓದಿದ ಮಗಳು ಮನೆಯಲ್ಲಿ ಕುಳಿತಿದ್ದರೆ ತಂದೆ ಈ ಬಗ್ಗೆ ಅವಳನ್ನೊಮ್ಮೆ ಕೇಳಲಿ.

ಕಾನೂನಿನ ಒಂದೆರಡು ಸಂಗತಿಗಳನ್ನು ಪ್ರತಿ ಮನೆಯೂ ತಿಳಿದಿರಬೇಕು. 1948ರ ಕಾರ್ಖಾನೆ ಕಾಯಿದೆಯ 29ನೇ ಕಲಮು ಎತ್ತುವ ಯಂತ್ರ, ಸರಪಳಿ, ಹಗ್ಗಗಳಿಗೆಂದೇ ಮೀಸಲಾಗಿತ್ತು. ಹನ್ನೆರಡು ತಿಂಗಳಿಗೊಮ್ಮೆಯಾದರೂ ಅರ್ಹ ವ್ಯಕ್ತಿಯಿಂದ ಸಮಗ್ರ ಪರೀಕ್ಷೆ, ಎತ್ತಬಹುದಾದ ಸುರಕ್ಷಿತ ಭಾರವನ್ನು ಸ್ಪಷ್ಟವಾಗಿ ಬರೆದಿರುವುದು, ಹಳಿಯ ಬಳಿ ಮನುಷ್ಯ ಕೆಲಸ ಮಾಡುತ್ತಿದ್ದರೆ ಕ್ರೇನು ಆರು ಮೀಟರಿಗಿಂತ ಸಮೀಪ ಬರದಂತೆ ನೋಡಿಕೊಳ್ಳುವುದು, ಇವೆಲ್ಲ ಅದರಲ್ಲಿದ್ದವು. ಭೋಪಾಲ್ ದುರಂತದ ನಂತರ 1987ರ ತಿದ್ದುಪಡಿಯು ಅಪಾಯ ಕಂಡ ಕೆಲಸಗಾರನಿಗೆ ಎಚ್ಚರಿಸುವ ಹಕ್ಕನ್ನೂ ಕೊಟ್ಟಿತು. 2025ರ ನವೆಂಬರಿನಲ್ಲಿ ಆ ಕಾಯಿದೆಯ ಜಾಗಕ್ಕೆ ವೃತ್ತಿ ಸುರಕ್ಷತೆಯ ಹೊಸ ಸಂಹಿತೆ ಜಾರಿಗೆ ಬಂದಿದೆ. ಹೊಸ ಸಂಹಿತೆಗಳ ಕುರಿತು ಕಾರ್ಮಿಕ ಸಂಘಟನೆಗಳಿಗೆ ಗಂಭೀರ ಆಕ್ಷೇಪಗಳಿವೆ, ಅವುಗಳಲ್ಲಿ ಹಲವು ನಮಗೂ ಸರಿಯೆನಿಸುತ್ತವೆ. ಆದರೂ ಅದರಲ್ಲಿರುವ ಒಂದು ಅಂಶವನ್ನು ಬಿಟ್ಟುಕೊಡಬಾರದು: ಪ್ರತಿಯೊಬ್ಬ ನೌಕರನಿಗೂ ನೇಮಕಾತಿ ಪತ್ರ ಕೊಡಲೇಬೇಕು. ಗುತ್ತಿಗೆಯ ಹುಡುಗ ಹೆಲ್ಪರ್ ಎಂದು ಪುಸ್ತಕದಲ್ಲಿದ್ದು ಆಪರೇಟರನ ಕೆಲಸ ಮಾಡುತ್ತಿದ್ದಾಗ ಅಪಘಾತವಾದರೆ, ಪರಿಹಾರದ ಮೊತ್ತವನ್ನು ಲೆಕ್ಕ ಹಾಕುವುದು ಹೆಲ್ಪರನ ಕೂಲಿಯ ಮೇಲೆ. 'ಅವನು ಹೇಳದೆ ಕೇಳದೆ ಕ್ಯಾಬಿನ್ ಹತ್ತಿದ್ದ' ಎಂಬ ವಾದವೂ ಸಿದ್ಧವಾಗಿರುತ್ತದೆ.

ಆದ್ದರಿಂದ ಮಗ ಕೆಲಸಕ್ಕೆ ಹೊರಡುವ ಮುನ್ನ ತಂದೆ ಗುತ್ತಿಗೆದಾರನಿಗೆ ಫೋನ್ ಮಾಡಿ ಕೇಳಲಿ. ನೇಮಕಾತಿ ಪತ್ರದಲ್ಲಿ ಯಾವ ಹುದ್ದೆ ಬರೆದಿದ್ದೀರಿ? ಇಎಸ್‌ಐ ನಂಬರು ಯಾವಾಗ ಬರುತ್ತದೆ? ಎಷ್ಟು ಗಂಟೆಯ ಶಿಫ್ಟು, ಅದರ ಮೇಲೆ ಇನ್ನೊಂದು ಶಿಫ್ಟು ಹಾಕುತ್ತೀರಾ? ಕ್ರೇನ್ ಕಲಿಸುವವರು ಯಾರು, ಪರೀಕ್ಷೆ ಮಾಡಿ ಅನುಮತಿ ಪತ್ರ ಕೊಡುವವರು ಯಾರು? ಗುತ್ತಿಗೆದಾರ ನಗಬಹುದು, 'ಬೇರೆ ಹುಡುಗರು ಸಾಲಾಗಿ ನಿಂತಿದ್ದಾರೆ ಸಾಹೇಬ್ರೇ' ಎನ್ನಬಹುದು. ಒಂದು ಓಣಿಯ ಹತ್ತು ತಂದೆಯರು ಇದೇ ಪ್ರಶ್ನೆಗಳನ್ನು ಕೇಳಿದರೆ ಅವನ ನಗು ಕಡಿಮೆಯಾಗುತ್ತದೆ. ಪತ್ರ ಬಂದ ಮೇಲೆ ಅದರ ಮೂಲ ಪ್ರತಿ ಮಗನ ಬಳಿ ಇರಲಿ. ಒಂದು ಝೆರಾಕ್ಸ್, ಇಎಸ್‌ಐ ಚೀಟಿ ಮತ್ತು ಗುತ್ತಿಗೆದಾರನ ಪೂರ್ತಿ ಹೆಸರು-ವಿಳಾಸದೊಂದಿಗೆ, ಊರಿನ ಮನೆಯಲ್ಲಿ ತಾಯಿಯ ಪೆಟ್ಟಿಗೆಯಲ್ಲಿರಲಿ.